ಇಂಡಿಯಾ ಗೇಟಿನ ಹಿಂದಿನ ಮಂಟಪ

ದೆಹಲಿಗೆ ಹೋದವರು ಇಂಡಿಯಾ ಗೇಟಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದೆ ಬರುವುದು ಅಪರೂಪ. ಆದರೆ ಈ ಜಾಗದಲ್ಲಿ ಅಧಿಕಾರ ಹೇಗೆ ಕೈಬದಲಾಯಿತು ಎಂದು ತಿಳಿಯಬೇಕಾದರೆ ಇನ್ನಷ್ಟು ಮುಂದೆ ನಡೆದು, ಕಮಾನಿನ ಬೆನ್ನಿಗಿರುವ ಕಲ್ಲಿನ ಮಂಟಪವನ್ನು ನೋಡಬೇಕು.

ಎರಡನ್ನೂ ವಿನ್ಯಾಸ ಮಾಡಿದವರು ಎಡ್ವಿನ್ ಲುಟ್ಯೆನ್ಸ್. 1921ರಲ್ಲಿ ಅಡಿಗಲ್ಲು ಹಾಕಿ 1931ರಲ್ಲಿ ಉದ್ಘಾಟಿಸಿದ 42 ಮೀಟರ್ ಎತ್ತರದ ಕಮಾನು, ಮೊದಲ ಮಹಾಯುದ್ಧ ಮತ್ತು ಮೂರನೇ ಆಫ್ಘನ್ ಯುದ್ಧದಲ್ಲಿ ಮಡಿದ ಸೈನಿಕರ ಸ್ಮಾರಕ. ಅಂದಿನ ವೈಸ್‌ರಾಯ್ ಭವನದ ಕಡೆಯಿಂದ ನೇರ ರಸ್ತೆಯಲ್ಲಿ ಕಣ್ಣು ಹಾಯಿಸಿದರೆ ನೋಟ ಈ ಕಮಾನಿನಲ್ಲಿ ನಿಲ್ಲುವುದಿಲ್ಲ, ಅದರೊಳಗೆ ತೂರಿ ಮಂಟಪಕ್ಕೆ ಹೋಗುತ್ತದೆ. ಅಲ್ಲಿ ನಿಂತಿದ್ದವನು ಪಟ್ಟಾಭಿಷೇಕದ ನಿಲುವಂಗಿ ತೊಟ್ಟ ಐದನೇ ಜಾರ್ಜ್. ಸತ್ತವರ ಸ್ಮಾರಕವೇ ದೊರೆಯ ಚಿತ್ರಕ್ಕೆ ಚೌಕಟ್ಟಾಗಿತ್ತು.

ಕಮಾನಿನ ಗೋಡೆಗಳಲ್ಲಿ 13 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಬಹುಪಾಲು ಹೆಸರುಗಳನ್ನು ನೆಲದ ಮೇಲೆ ನಿಂತು ಓದಲಾಗದು. ತೀರ ಮೇಲೆ, ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಕೊರೆದಿದ್ದಾರೆ. ನೆತ್ತಿಯ ಮೇಲೆ ದೊಡ್ಡದಾಗಿ ಕಾಣುವುದು 'ಇಂಡಿಯಾ' ಎಂಬ ಒಂದೇ ಪದ. ಸತ್ತವನ ತಾಯಿ ಬಂದು ಮಗನ ಹೆಸರು ಹುಡುಕಿಯಾಳು ಎಂಬ ಯೋಚನೆ ಸಾಮ್ರಾಜ್ಯಕ್ಕೆ ಇದ್ದಂತಿಲ್ಲ.

1968ರಲ್ಲಿ ದೊರೆಯ ಪ್ರತಿಮೆ ನಗರದ ಉತ್ತರ ಅಂಚಿನ ಕಾರೊನೇಷನ್ ಪಾರ್ಕಿಗೆ ಹೋಯಿತು. ಗಾಂಧೀಜಿಯ ಪ್ರತಿಮೆ ಇಡಬೇಕೆಂಬ ಮಾತು ಆಗಾಗ ಕೇಳಿಬಂದರೂ ಮಂಟಪ ಐದು ದಶಕಕ್ಕೂ ಮೀರಿ ಖಾಲಿ ಉಳಿಯಿತು. ನನಗೆ ಕೇಳಿದರೆ, ಗಣರಾಜ್ಯಕ್ಕೆ ಅಷ್ಟು ಒಪ್ಪುವ ಸ್ಮಾರಕ ಇನ್ನೊಂದಿರಲಿಲ್ಲ: ದೊರೆ ಹೋದ, ಅವನ ಜಾಗಕ್ಕೆ ಯಾರೂ ಏರಲಿಲ್ಲ. ಅದೇ ಕಾಲದಲ್ಲಿ, 1971ರ ಯುದ್ಧದ ನಂತರ, ಕಮಾನಿನ ಕೆಳಗೆ ತಗ್ಗಾದ ಕಪ್ಪು ಕಟ್ಟೆ ಬಂತು. ತಲೆಕೆಳಗಾಗಿ ನೆಟ್ಟ ಬಂದೂಕು, ಅದರ ಮೇಲೊಂದು ಹೆಲ್ಮೆಟ್, ಪಕ್ಕದಲ್ಲಿ ಉರಿಯುವ ಅಮರ್ ಜವಾನ್ ಜ್ಯೋತಿ. ಆ ದೈತ್ಯ ಕಮಾನಿಗೆ ಮನುಷ್ಯನ ಅಳತೆ ಕೊಟ್ಟದ್ದು ಅದೇ.

2022ರಲ್ಲಿ ಎರಡೂ ಬದಲಾದವು. ಜನವರಿಯಲ್ಲಿ ಜ್ಯೋತಿಯನ್ನು ಪಕ್ಕದ ರಾಷ್ಟ್ರೀಯ ಯುದ್ಧ ಸ್ಮಾರಕದ ಜ್ಯೋತಿಯೊಂದಿಗೆ ಸೇರಿಸಲಾಯಿತು. ಸೆಪ್ಟೆಂಬರಿನಲ್ಲಿ ಮಂಟಪದೊಳಗೆ ನೇತಾಜಿ ಸುಭಾಷರ 28 ಅಡಿ ಎತ್ತರದ ಕಪ್ಪು ಗ್ರಾನೈಟ್ ಪ್ರತಿಮೆ ಅನಾವರಣಗೊಂಡಿತು. ಕೆತ್ತಿದ್ದು ಮೈಸೂರಿನ ಅರುಣ್ ಯೋಗಿರಾಜ್ ನೇತೃತ್ವದ ತಂಡ. ನಮ್ಮ ಶಿಲ್ಪಿಯ ಕೈಚಳಕ ಅಲ್ಲಿರುವುದು ಹೆಮ್ಮೆಯ ಸಂಗತಿ. ಬ್ರಿಟಿಷರ ವಿರುದ್ಧ ಸೈನ್ಯ ಕಟ್ಟಿದವರು ಬ್ರಿಟಿಷ್ ದೊರೆಯ ಜಾಗದಲ್ಲಿ ನಿಂತಿರುವುದರ ಅರ್ಥವನ್ನೂ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಮಂಟಪದ ಸ್ವಭಾವ ಹಾಗೆಯೇ ಇದೆ. ಒಬ್ಬರನ್ನು ಎತ್ತರದಲ್ಲಿ ನಿಲ್ಲಿಸಿ ಉಳಿದವರೆಲ್ಲ ತಲೆಯೆತ್ತಿ ನೋಡಲಿ ಎಂದೇ ಕಟ್ಟಿದ್ದು ಅದು. ಯಾರನ್ನು ನಿಲ್ಲಿಸಬೇಕು ಎಂಬುದನ್ನು ಆಯಾ ಕಾಲದ ಸರ್ಕಾರ ತೀರ್ಮಾನಿಸುತ್ತದೆ.

2019ರಲ್ಲಿ ಉದ್ಘಾಟನೆಯಾದ ಯುದ್ಧ ಸ್ಮಾರಕದ ರೀತಿ ಬೇರೆ. ಅಲ್ಲಿ ಕಮಾನಿಲ್ಲ, ಒಂದರೊಳಗೊಂದು ನಾಲ್ಕು ವೃತ್ತಗಳು, ತಗ್ಗಾದ ಗೋಡೆಗಳು. ಸ್ವಾತಂತ್ರ್ಯಾನಂತರ ಮಡಿದ ಒಬ್ಬೊಬ್ಬ ಯೋಧನಿಗೂ ಹೆಸರು ಬರೆದ ಒಂದೊಂದು ಗ್ರಾನೈಟ್ ಫಲಕವಿದೆ. ಹತ್ತಿರ ಹೋಗಿ ಓದಬಹುದು.

ಕಮಾನಿನ ಮೇಲಿರುವ ಹಳೆಯ ಸೈನಿಕರಿಗೂ ಇಷ್ಟಾದರೂ ಸಿಗಬೇಕು. ಅವರ ಹೆಸರುಗಳು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಯಲ್ಲಿವೆ. ಅದನ್ನು ನೋಡಿಕೊಂಡು, ಭಾರತೀಯ ಭಾಷೆಗಳಲ್ಲಿ, ಕಮಾನಿನ ಬುಡದಲ್ಲೊಂದು ಫಲಕ ನಿಲ್ಲಿಸಲು ಸರ್ಕಾರಕ್ಕೆ ಯಾವ ಅಡ್ಡಿಯೂ ಇಲ್ಲ.