ಆಯ್ಲರನ ದೊಡ್ಡ ಅವಿಭಾಜ್ಯ ಸಂಖ್ಯೆ

ಒಂದರಿಂದಲೂ ತನ್ನಿಂದಲೂ ಹೊರತು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗಿಸಲಾಗದ ಸಂಖ್ಯೆಯನ್ನು ಅವಿಭಾಜ್ಯವೆನ್ನುತ್ತೇವೆ. ೭, ೧೩, ೩೧ ಇಂಥವು. ಎರಡನ್ನು ೩೧ ಸಲ ಬರೆದು ಒಟ್ಟಿಗೆ ಗುಣಿಸಿ, ಒಂದನ್ನು ಕಳೆದರೆ ೨,೧೪,೭೪,೮೩,೬೪೭ ಬರುತ್ತದೆ. ಇದೂ ಅವಿಭಾಜ್ಯವೆ?

ಭಾಗಿಸಿ ನೋಡಲು ಇದರ ವರ್ಗಮೂಲದವರೆಗೆ, ಎಂದರೆ ೪೬,೩೪೦ರವರೆಗೆ ಹೋದರೆ ಸಾಕು. ಅದಕ್ಕಿಂತ ದೊಡ್ಡ ಭಾಜಕವಿದ್ದರೆ ಅದರ ಜೊತೆಯದು ಚಿಕ್ಕದಾಗಿರಲೇಬೇಕು. ಆದರೂ ನಮ್ಮಂಥ ಗುಮಾಸ್ತರಿಗೆ ಅದು ತಿಂಗಳುಗಟ್ಟಲೆ ಕೆಲಸ!

ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಸ್ವಿಸ್ ಗಣಿತಜ್ಞ ಆಯ್ಲರ್ ೧೭೭೨ರಲ್ಲಿ ಇದನ್ನು ಬಗೆಹರಿಸಿದನು. ಆಗ ಅವನ ದೃಷ್ಟಿ ಬಹುಮಟ್ಟಿಗೆ ಹೋಗಿತ್ತು. ಈ ಸಂಖ್ಯೆಗೆ ಅವಿಭಾಜ್ಯ ಭಾಜಕವೊಂದಿದ್ದರೆ, ಅದನ್ನು ೨೪೮ರಿಂದ ಭಾಗಿಸಿದಾಗ ೧ ಅಥವಾ ೬೩ ಮಾತ್ರ ಉಳಿಯಬೇಕು. ಅಂಥ ಸಂಖ್ಯೆಗಳು ೪೬,೩೪೦ರೊಳಗೆ ಸುಮಾರು ೩೭೦ ಮಾತ್ರ. ಅವುಗಳಲ್ಲಿಯೂ ಅವಿಭಾಜ್ಯವಾದವನ್ನಷ್ಟೇ ಪರೀಕ್ಷಿಸಿದರಾಯಿತು. ಒಂದೂ ನಿಶ್ಶೇಷವಾಗಿ ಭಾಗಿಸುವುದಿಲ್ಲ. ಆದ್ದರಿಂದ ಸಂಖ್ಯೆ ಅವಿಭಾಜ್ಯವೇ ಸರಿ.

೨೦೨೪ರಲ್ಲಿ ಕಂಡುಬಂದ ಅವಿಭಾಜ್ಯವೊಂದರಲ್ಲಿ ನಾಲ್ಕು ಕೋಟಿಗೂ ಮಿಕ್ಕ ಅಂಕಿಗಳಿವೆ. ಅದನ್ನು ಯಂತ್ರವೇ ಪರೀಕ್ಷಿಸಬೇಕು. ಆಯ್ಲರನದನ್ನಾದರೋ ನಾವು ಕಾಗದ, ಪೆನ್ಸಿಲು ಹಿಡಿದು ಕೆಲವು ಭಾನುವಾರಗಳಲ್ಲಿ ತಾಳೆ ನೋಡಬಹುದು. ಲೆಕ್ಕವನ್ನು ಬೇಗ ಮಾಡುವುದು ಒಂದು ಜಾಣತನ. ಯಾವ ಲೆಕ್ಕ ಮಾಡಬೇಕಾಗಿಲ್ಲವೆಂದು ಮೊದಲೇ ಅರಿಯುವುದು ಅದಕ್ಕೂ ಮೇಲು.