ಟಿಕೆಟ್ಟು ಪುಕ್ಕಟೆಯಾಯ್ತು, ಹೊತ್ತು ಪುಕ್ಕಟೆಯಾಗಲಿಲ್ಲ!

ದಾವಣಗೆರೆ: ಸಂಜೆ ಐದೂವರೆ. ಬಸ್ ನಿಲ್ದಾಣದಲ್ಲಿ ಜಗಳೂರು ಕಡೆಯ ಬಸ್ಸಿಗೆ ಕಾದು ನಿಂತವರಲ್ಲಿ ಕಾಲೇಜು ಹುಡುಗಿಯರೇ ಹೆಚ್ಚು. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಆಧಾರ್ ಕಾರ್ಡು, ಕಣ್ಣು ಮಾತ್ರ ಗಡಿಯಾರದ ಮೇಲೆ. ಬಸ್ಸು ಬಂದದ್ದೇ ತಡ, ನೂಕುನುಗ್ಗಲು. ಕಿಟಕಿಯಿಂದ ಟವೆಲ್ ಹಾಕುವವರು ಹಾಕಿದರು, ಬಾಗಿಲಲ್ಲಿ ಜೋತುಬಿದ್ದವರು ಜೋತುಬಿದ್ದರು. "ಒಳಗೆ ನಡೀರಮ್ಮಾ, ನಡೀರಿ" ಎಂದು ಕಂಡಕ್ಟರು ಕೂಗುತ್ತಲೇ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದುಕೊಟ್ಟರು.

2023ರ ಜೂನ್ 11ರಂದು 'ಶಕ್ತಿ' ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ತಪ್ಪಿತು. ಅದು ಎಲ್ಲರಿಗೂ ಗೊತ್ತಿರುವ ಸಂಗತಿ. ಎಲ್ಲರಿಗೂ ಗೊತ್ತಿಲ್ಲದ ಸಂಗತಿ ಬೇರೆ ಇದೆ. ಇಷ್ಟೊಂದು ಹುಡುಗಿಯರು ಇದೇ ಬಸ್ಸಿಗೆ ಯಾಕೆ ಮುಗಿಬೀಳುತ್ತಾರೆ? ಇನ್ನೊಂದು ತಾಸು ಬಿಟ್ಟು ಹೊರಟರೆ ಆಗುವುದಿಲ್ಲವೇ?

ಆಗುವುದಿಲ್ಲ. ಯಾಕೆಂದು ಅವರ ಬಾಯಲ್ಲೇ ಕೇಳಬೇಕು.

ಒಂದು ದಿನ ಬಸ್ಸು ತಪ್ಪಿದ್ದಕ್ಕೆ

ಬಿ.ಕಾಂ. ಕೊನೆಯ ವರ್ಷದ ಹುಡುಗಿಯೊಬ್ಬಳು ಕಾಲೇಜು ಬಿಟ್ಟ ಮೇಲೆ ಆರರಿಂದ ಏಳರವರೆಗೆ ಕಂಪ್ಯೂಟರಿನಲ್ಲಿ ಲೆಕ್ಕಪತ್ರ ಬರೆಯುವ ತರಬೇತಿಗೆ ಸೇರಿದ್ದಳು. ಮೂರು ತಿಂಗಳ ಫೀಜು ಮೊದಲೇ ಕಟ್ಟಿದ್ದಾಯ್ತು. ಅಪ್ಪ ಮೆಕ್ಕೆಜೋಳ ಮಾರಿದ ದುಡ್ಡು ಅದು. ಎರಡು ವಾರ ಎಲ್ಲವೂ ಸುಸೂತ್ರವಾಗಿ ನಡೆಯಿತು. ಒಂದು ದಿನ ಬಸ್ಸು ತಪ್ಪಿತು. ಮುಂದಿನ ಬಸ್ಸು ಹತ್ತಿ ಊರ ಕ್ರಾಸಿನಲ್ಲಿ ಇಳಿದಾಗ ರಾತ್ರಿ ಎಂಟೂಮುಕ್ಕಾಲು. ಅಪ್ಪ ಟಾರ್ಚು ಹಿಡಿದು ನಿಂತಿದ್ದರು. ಬೈಯಲಿಲ್ಲ, ಒಂದು ಮಾತೂ ಕೇಳಲಿಲ್ಲ.

ಕೇಳಿದವರು ಊರವರು. ಮಾರನೇ ದಿನ ನಲ್ಲಿಯ ಹತ್ತಿರ, ಅದರ ಮಾರನೇ ದಿನ ಹಾಲಿನ ಡೇರಿಯಲ್ಲಿ ಅದೇ ಮಾತು. ನಾಲ್ಕನೇ ದಿನಕ್ಕೆ ಸೋದರಮಾವ ಬಂದು ಕಟ್ಟೆಯ ಮೇಲೆ ಕೂತರು. "ಭಾವಾ, ಒಳ್ಳೇ ಕಡೆ ಸಂಬಂಧ ಐತೆ. ಓದಿಸಿದ್ದು ಸಾಕು" ಎಂದರಂತೆ.

"ಅಪ್ಪ ಪರೀಕ್ಷೆ ಮುಗಿಯೋತನಕ ಟೈಮು ಕೇಳ್ಯಾರೆ. ಆಮೇಲೆ ಏನಂತಾರೋ ಗೊತ್ತಿಲ್ರೀ. ತರಬೇತಿ ಬಿಟ್ಟೆ. ಫೀಜು ಹೋಯ್ತು" ಎನ್ನುವಾಗ ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕವಿತ್ತು. ಪರೀಕ್ಷೆಗೆ ಎಷ್ಟು ದಿನ ಉಳಿದಿದೆ ಎಂದು ಬೆರಳು ಮಡಚಿ ಎಣಿಸಿದಳು.

ಅವಳ ಅಣ್ಣನೂ ಇದೇ ಊರಿಗೆ ಕೆಲಸಕ್ಕೆ ಬಂದು ಹೋಗುತ್ತಾನೆ. "ಅಣ್ಣ ಹತ್ತು ಗಂಟೆಗೆ ಬಂದ್ರೆ 'ಊಟ ಮಾಡೋ, ತಣ್ಣಗಾತು' ಅಂತಾರೆ. ನಾನು ಏಳೂವರೆಗೆ ಬಂದ್ರೆ 'ಎಲ್ಲಿ ಹೋಗಿದ್ದಿ' ಅಂತಾರೆ. ಅಷ್ಟೇ ವ್ಯತ್ಯಾಸ."

ಕಾಯ್ದೆ ಪ್ರಕಾರ ಹುಡುಗಿಗೆ ಹದಿನೆಂಟು ತುಂಬಿದರೆ ಮದುವೆಗೆ ಅಡ್ಡಿಯಿಲ್ಲ. ಇದನ್ನು ಇಪ್ಪತ್ತೊಂದಕ್ಕೆ ಏರಿಸುವ ಮಸೂದೆ 2021ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದಿತ್ತು, 2024ರಲ್ಲಿ ಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ಈ ಹುಡುಗಿಗೆ ಅದರ ಗೊಡವೆಯಿಲ್ಲ. "ಕಾಯ್ದೆ ಊರಿಗೆ ಬರೋದಕ್ಕಿಂತ ಮುಂಚೆ ಮಾವ ಬರ್ತಾರೆ" ಎಂದು ನಕ್ಕಳು.

ಅಂಕದಲ್ಲಿ ಮುಂದೆ, ಅಂಗಳದಲ್ಲಿ ಹಿಂದೆ

ಓದಿನಲ್ಲಿ ಹೆಣ್ಣುಮಕ್ಕಳು ಹಿಂದೆ ಬಿದ್ದಿದ್ದಾರೆಯೇ? ಪ್ರತಿ ವರ್ಷ ಫಲಿತಾಂಶದ ದಿನ ಪೇಪರು ನೋಡುವ ಯಾವ ಅಂಗಡಿಯವರಿಗೂ ಉತ್ತರ ಗೊತ್ತು. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ರಾಜ್ಯದ ಹುಡುಗಿಯರಲ್ಲಿ ಶೇ. 74ರಷ್ಟು ಪಾಸು, ಹುಡುಗರಲ್ಲಿ ಶೇ. 58 ಮಾತ್ರ. ಅದೇ ವರ್ಷದ ದ್ವಿತೀಯ ಪಿಯುಸಿಯಲ್ಲಿ ಹುಡುಗಿಯರು ಸುಮಾರು ಶೇ. 78, ಹುಡುಗರು ಶೇ. 68. ಇಡೀ ದೇಶದ ಕಾಲೇಜುಗಳಲ್ಲಿ 2021-22ರಲ್ಲಿ ಓದುತ್ತಿದ್ದ 4.33 ಕೋಟಿ ಜನರಲ್ಲಿ 2.07 ಕೋಟಿ ಹೆಣ್ಣುಮಕ್ಕಳು. ಅಂದರೆ ಹತ್ತಿರ ಹತ್ತಿರ ಅರ್ಧ.

ಹಾಗಾದರೆ ಪಾಸಾದವರೆಲ್ಲ ಎಲ್ಲಿ ಹೋಗುತ್ತಾರೆ? ಕಾಲೇಜಿನ ಪಾಠ ಮುಗಿದ ಮೇಲೆ ಕೆಲಸ ಕೊಡಿಸುವ ಓದು ಬೇರೆ ಇದೆ. ಕಂಪ್ಯೂಟರು, ಇಂಗ್ಲಿಷು, ಬ್ಯಾಂಕು ಪರೀಕ್ಷೆಯ ತಯಾರಿ, ಗ್ರಂಥಾಲಯದ ಮೂಲೆ. ಇವೆಲ್ಲ ಸಂಜೆಯ ಹೊತ್ತಿನವು. ಆ ಹೊತ್ತು ಹುಡುಗರ ಪಾಲಿಗೆ ಹೋಗಿದೆ. ಹುಡುಗಿಯರ ಪಾಲಿಗೆ ಬಂದದ್ದು ಐದೂವರೆಯ ಬಸ್ಸು.

ಹುಡುಗನ ತಕರಾರು

ಇದೇ ಬಸ್ಸಿನ ಬಾಗಿಲಲ್ಲಿ ನಿಂತ ಬಿ.ಎ. ಹುಡುಗನೊಬ್ಬನಿಗೆ ಬೇರೆಯದೇ ಸಿಟ್ಟು. "ಇವರಿಗೆ ಪುಕ್ಕಟೆ, ನಾವು ಪಾಸಿಗೆ ದುಡ್ಡು ಕಟ್ಟಬೇಕು. ನಮ್ಮಪ್ಪಂದೇನು ಬ್ಯಾಂಕೈತಾ? ಅರ್ಧ ಸೀಟು ಗಂಡಸರಿಗೆ ಅಂತ ರೂಲ್ಸೈತಂತೆ, ಕೂತು ತೋರಿಸಲಿ ನೋಡಾನ" ಎಂದ. ಅವನ ಮಾತನ್ನೂ ತಳ್ಳಿಹಾಕುವಂತಿಲ್ಲ. ಬೆಳಗಿನ ಜಾವ ಲೋಡಿಂಗ್ ಕೆಲಸ ಮಾಡಿ, ಅದೇ ಬಟ್ಟೆಯಲ್ಲಿ ಕ್ಲಾಸಿಗೆ ಹೋಗುವ ಹುಡುಗ ಅವನು. ಫಲಿತಾಂಶದಲ್ಲಿ ಹುಡುಗರು ಹಿಂದೆ ಬೀಳುವುದಕ್ಕೆ ಇಂಥ ಕಾರಣಗಳೂ ಇವೆ.

ಅವನ ಕ್ಲಾಸಿನವಳೇ ಒಬ್ಬಳು ಅಲ್ಲಿದ್ದಳು. ಸುಮ್ಮನಿರಲಿಲ್ಲ. "ಲೋ, ನಿಂಗೆ ಪಾಸಿಗೆ ದುಡ್ಡು ಹೊಂದಿಸೋದು ಕಷ್ಟ, ಒಪ್ತೀನಿ. ಆದರೆ ಹೊರಗೆ ಹೋಗ್ತೀನಿ ಅಂತ ಒಪ್ಪಿಗೆ ಕೇಳೋ ಕಷ್ಟ ನಿಂಗೆ ಐತಾ? ನೀನು ಸೀಟಿಗೆ ಜಗಳ ಆಡ್ತಿ. ನಾವು ಬಸ್ಸಿಗೆ ಬರೋಕೇ ಮನೇಲಿ ಜಗಳ ಆಡಿ ಬಂದಿರ್ತೀವಿ."

ಹುಡುಗ ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ ಅವನಾಗಿಯೇ ಒಂದು ಮಾತು ಹೇಳಿದ. ಅವರೂರಿನ ಹುಡುಗಿಯೊಬ್ಬಳು ಜ್ಯೂಸ್ ಅಂಗಡಿಯ ಮುಂದೆ ಕ್ಲಾಸಿನ ಹುಡುಗನ ಜೊತೆ ನಿಂತು ನೋಟ್ಸು ಇಸಕೊಳ್ಳುತ್ತಿದ್ದಳು. ಹುಡುಗ ಬೇರೆ ಜಾತಿಯವನು. ಯಾರೋ ಫೋಟೋ ಹೊಡೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. "ನಾನು ಹೊಡೀಲಿಲ್ಲ. ಆದರೆ ಬಂದಿದ್ದನ್ನ ಇನ್ನಿಬ್ಬರಿಗೆ ಕಳಿಸ್ದೆ. ಮುಂದಿನ ಸೋಮವಾರದಿಂದ ಅವಳು ಕಾಲೇಜಿಗೆ ಬರಲಿಲ್ಲ."

ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಹಿಂದೆ ಊರ ಕಣ್ಣು ಊರ ಗಡಿಯೊಳಗೆ ಇರುತ್ತಿತ್ತು. ಈಗ ಅದು ಬಸ್ಸು ಹತ್ತಿ ಪೇಟೆಗೂ ಬರುತ್ತಿದೆ, ಅದೂ ಜಾತಿಯ ಲೆಕ್ಕ ಹಿಡಿದುಕೊಂಡು.

ಬೋರ್ಡು ಎಲ್ಲಿದೆ?

ಕಾಲೇಜಿನೊಳಗೆ ತೊಂದರೆಯಾದರೆ ಯಾರಿಗೆ ಹೇಳಬೇಕು? 2013ರ ಕಾಯ್ದೆಯ ಪ್ರಕಾರ ಹತ್ತು ಜನ ಕೆಲಸಗಾರರಿರುವ ಪ್ರತಿ ಸಂಸ್ಥೆಯಲ್ಲೂ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು. ಅದಕ್ಕೆ ಅಧ್ಯಕ್ಷರು ಹೆಂಗಸೇ ಆಗಿರಬೇಕು. ಕಾಲೇಜುಗಳಿಗೆಂದೇ ಯುಜಿಸಿ 2015ರಲ್ಲಿ ಪ್ರತ್ಯೇಕ ನಿಯಮ ಮಾಡಿದೆ. ನಿಲ್ದಾಣದಲ್ಲಿ ನಿಂತ ಏಳೆಂಟು ಹುಡುಗಿಯರನ್ನು ಕೇಳಿದರೆ, ಸಮಿತಿಯಲ್ಲಿ ಯಾರಿದ್ದಾರೆಂದು ಹೇಳಬಲ್ಲವಳು ಒಬ್ಬಳೇ. "ಅಲ್ಲಿಗೆ ದೂರು ಕೊಟ್ರೆ ಮನೆಗೆ ತಿಳೀತೈತೆ. ತಿಳಿದ್ರೆ ಮೊದಲು ಬಂದ್ ಆಗೋದು ನಮ್ಮ ಕಾಲೇಜೇ" ಎಂದಳು ಇನ್ನೊಬ್ಬಳು. ದೂರಿನ ಶಿಕ್ಷೆ ದೂರು ಕೊಟ್ಟವಳಿಗೇ ಆಗುವುದಾದರೆ ಬೋರ್ಡು ಹಾಕಿ ಏನು ಪ್ರಯೋಜನ?

ತಾಯಿಯ ಮಾತು

ಮಗಳಿಗೆ ಬಟ್ಟೆ ಕೊಡಿಸಲು ಪೇಟೆಗೆ ಬಂದಿದ್ದ ತಾಯಿಯೊಬ್ಬರು ಇಷ್ಟೂ ಕೇಳುತ್ತ ಕೂತಿದ್ದರು. ಅವರು ಎಸ್ಸೆಸ್ಸೆಲ್ಸಿ ಪಾಸಾಗಿದ್ದರೂ ಮುಂದೆ ಓದಲಿಲ್ಲ. ಊರಿಗೆ ಬಸ್ಸಿರಲಿಲ್ಲ. "ನಮ್ಮ ಕಾಲಕ್ಕೆ ಬಸ್ಸಿರಲಿಲ್ಲ ಅಂತ ಬಿಡಿಸಿದ್ರು. ಇವಳ ಕಾಲಕ್ಕೆ ಬಸ್ಸೈತೆ, ಟಿಕೆಟ್ಟೂ ಇಲ್ಲ. ಈಗ ಜನ ಏನಂತಾರೋ ಅಂತ ಬಿಡಿಸ್ತಾರೆ. ಜನ ಅಂದ್ರೆ ಯಾರು? ನಾವೇ ಅಲ್ಲೇನ್ರೀ?" ಎಂದು ಮಗಳ ಬ್ಯಾಗು ತಾವೇ ಹೊತ್ತು ಹತ್ತಿದರು.

ಹೆಚ್ಚೇನೂ ಬೇಡ

ಈ ಹುಡುಗಿಯರು ಕೇಳುತ್ತಿರುವುದು ದೊಡ್ಡ ಸಂಗತಿಗಳಲ್ಲ. ಸಂಜೆ ಏಳು ಗಂಟೆಯ ಹೊತ್ತಿಗೆ ಹಳ್ಳಿ ಕಡೆಗೆ ನೆಚ್ಚಿಕೊಳ್ಳುವಂಥ ಒಂದು ಸರ್ಕಾರಿ ಬಸ್ಸು. ಖಾಸಗಿ ಬಸ್ಸು ಓಡುತ್ತವೆ, ಆದರೆ ಅಲ್ಲಿ ಶಕ್ತಿ ನಡೆಯುವುದಿಲ್ಲ. ಕ್ರಾಸಿನಲ್ಲಿ ಒಂದು ದೀಪ. ತರಬೇತಿಯವರು ಒಂದು ತಾಸು ಮುಂಚಿತವಾಗಿ ಒಂದು ಬ್ಯಾಚು ನಡೆಸಿದರೆ ಇನ್ನೂ ಒಳ್ಳೆಯದು.

ದೀಪದ ಮಾತು ಬಂದಾಗ ಒಬ್ಬ ಅಂಗಡಿಯವರ ಸಂಗತಿ ಹೇಳಲೇಬೇಕು. ಮೊದಲು ಹೇಳಿದ ಬಿ.ಕಾಂ. ಹುಡುಗಿಯ ಊರ ಕ್ರಾಸಿನಲ್ಲಿ ಅವರದೊಂದು ಬೀಡಿ, ಬಾಳೆಹಣ್ಣಿನ ಗೂಡಂಗಡಿ. ಏಳಕ್ಕೆ ಬಾಗಿಲು ಹಾಕುತ್ತಿದ್ದವರು ಈಗ ಕೊನೆಯ ಬಸ್ಸು ಹೋಗುವ ತನಕ ಬಲ್ಬು ಉರಿಸಿ ಕೂರುತ್ತಾರೆ. ಯಾಕೆಂದು ಕೇಳಿದರೆ, "ವ್ಯಾಪಾರ ಏನೂ ಆಗಲ್ಲ ಬಿಡ್ರಿ. ಹುಡುಗ್ರು ಇಳೀತಾವೆ, ಕತ್ತಲಿರ್ತೈತೆ. ಯಾರಾದ್ರೂ 'ಎಷ್ಟೊತ್ತಿಗೆ ಬಂದ್ಲು, ಯಾರ ಜೊತೆ ಬಂದ್ಲು' ಅಂತ ಕೇಳಿದ್ರೆ 'ಬಸ್ಸಿನಾಗ ಬಂದ್ಲು, ನಾನೇ ನೋಡೀನಿ' ಅಂತೀನಿ" ಎನ್ನುತ್ತಾರೆ.

ಊರಿಗೆ ಕಣ್ಣಿರುವುದು ತಪ್ಪಲ್ಲ. ಆ ಕಣ್ಣು ಯಾರ ಪರವಾಗಿ ನೋಡುತ್ತದೆ ಎಂಬುದೇ ಪ್ರಶ್ನೆ. ಜಿಲ್ಲೆಯಲ್ಲಿ ಕ್ರಾಸುಗಳು ಬಹಳ, ಕ್ರಾಸಿಗೊಂದು ಅಂಗಡಿಯೂ ಇದೆ. ಅಂಗಡಿಯ ಮಹನೀಯರು ಬಾಗಿಲು ಹಾಕುವ ಮುನ್ನ ಒಂದು ಸಲ ರಸ್ತೆಯ ಕಡೆ ನೋಡಲಿ.

ಆ ಹುಡುಗಿಯ ಪರೀಕ್ಷೆಗೆ ಇನ್ನು ನಲವತ್ತೊಂದು ದಿನ ಇದೆ.