ಕಡಲಾಚೆಯ ಯುದ್ಧ, ಮನೆಯೊಳಗಿನ ಕ್ರಾಂತಿ

ಗೋವೆಯ ವಿಮೋಚನೆಯ ಇತಿಹಾಸವನ್ನು ನಾವು ಸಾಮಾನ್ಯವಾಗಿ 1961ರ ಡಿಸೆಂಬರ್ 19ಕ್ಕೆ ಮುಗಿಸಿಬಿಡುತ್ತೇವೆ. ಪೋರ್ಚುಗೀಸರ ಧ್ವಜ ಇಳಿಯಿತು, ನಮ್ಮ ಧ್ವಜ ಏರಿತು. ಮಕ್ಕಳಿಗೆ ಹೇಳುವ ಪಾಠವೂ ಅಲ್ಲಿಗೇ ನಿಲ್ಲುತ್ತದೆ. ಆದರೆ ಸೋತು ಹಿಂದಿರುಗಿದ ಸೈನಿಕರನ್ನು ಅವರ ತಾಯ್ನಾಡು ಹೇಗೆ ಕಂಡಿತು, ಮುಂದೆ ಆ ನಾಡಿಗೇ ಏನಾಯಿತು ಎಂಬುದೂ ತಿಳಿಯತಕ್ಕ ಸಂಗತಿ. ಪರದೇಶದಲ್ಲಿ ನಡೆಸಿದ ಯುದ್ಧವು ಸ್ವದೇಶದ ಬಾಳನ್ನೇ ಮಾರ್ಪಡಿಸಿದ್ದಕ್ಕೆ ಅದೊಂದು ಸ್ಪಷ್ಟ ನಿದರ್ಶನ.

1932ರಿಂದ ಪೋರ್ಚುಗಲ್ಲನ್ನು ಆಳುತ್ತಿದ್ದ ಸರ್ವಾಧಿಕಾರಿ ಸಲಾಜಾರ್, ಗೋವೆಯ ತನ್ನ ಸೈನ್ಯ ಶರಣಾಗಕೂಡದು, ಕಡೆಯವರೆಗೆ ಹೋರಾಡಿ ಮಡಿಯಬೇಕು ಎಂದು ಆಜ್ಞಾಪಿಸಿದ್ದನು. ಗವರ್ನರ್ ಜನರಲ್ ವಸ್ಸಾಲೊ ಎ ಸಿಲ್ವಾ ಅವರ ಬಳಿ ಇದ್ದುದು ಮೂರು ಸಾವಿರ ಚಿಲ್ಲರೆ ಸೈನಿಕರು ಮಾತ್ರ. ವ್ಯರ್ಥ ರಕ್ತಪಾತ ಬೇಡವೆಂದು ಅವರು ಶರಣಾದರು. ಸೆರೆಯಿಂದ ಬಿಡುಗಡೆ ಹೊಂದಿ 1962ರಲ್ಲಿ ಊರಿಗೆ ಮರಳಿದ ಸೈನಿಕರಿಗೆ ದೊರೆತದ್ದು ಆದರವಲ್ಲ, ಸಂಶಯದ ನೋಟ. ಮರುವರ್ಷ ವಸ್ಸಾಲೊ ಎ ಸಿಲ್ವಾ ಅವರನ್ನು ಸೈನ್ಯದಿಂದಲೇ ಹೊರಹಾಕಲಾಯಿತು. ಸರ್ಕಾರದ ಹಟಕ್ಕೆ ದಂಡ ತೆರಬೇಕಾದವನು ಸೈನಿಕನೇ ಎಂಬ ಪಾಠವನ್ನು ಕಿರಿಯ ಅಧಿಕಾರಿಗಳು ಅಂದು ಕಲಿತರು.

ಅದೇ 1961ರಲ್ಲಿ ಆಫ್ರಿಕಾದ ಅಂಗೋಲಾದಲ್ಲಿ ಸ್ವಾತಂತ್ರ್ಯದ ದಂಗೆ ಎದ್ದಿತು. 1963ರಲ್ಲಿ ಗಿನಿ, 1964ರಲ್ಲಿ ಮೊಜಾಂಬಿಕ್ ಕೂಡ ಹೊತ್ತಿಕೊಂಡವು. ಸುಮಾರು 90 ಲಕ್ಷ ಜನರ ಬಡ ದೇಶವೊಂದು ಮೂರು ರಣರಂಗಗಳಲ್ಲಿ 13 ವರ್ಷ ಸೆಣಸಿತು. ಸರದಿಯ ಮೇಲೆ ಸುಮಾರು 8 ಲಕ್ಷ ತರುಣರು ಹಡಗೇರಿದರು. ಎಂಟು ಸಾವಿರಕ್ಕೂ ಹೆಚ್ಚು ಮಂದಿ ಮಡಿದರು. ಸರ್ಕಾರದ ವೆಚ್ಚದಲ್ಲಿ ನೂರಕ್ಕೆ ಸುಮಾರು 40 ಪಾಲು ಯುದ್ಧಕ್ಕೆ ಹೋಯಿತು.

ಇದರ ಬಿಸಿ ಹಳ್ಳಿಹಳ್ಳಿಗೂ ತಟ್ಟಿತು. ಕಡ್ಡಾಯ ಸೈನಿಕ ಸೇವೆಯಿಂದಲೂ ಬಡತನದಿಂದಲೂ ಪಾರಾಗಲು ಅಸಂಖ್ಯ ಯುವಕರು ಕಳ್ಳದಾರಿಯಲ್ಲಿ ಗಡಿ ದಾಟಿ ಫ್ರಾನ್ಸಿಗೆ ಹೋದರು. ಊರಲ್ಲಿ ಉಳಿದ ಹೆಣ್ಣುಮಕ್ಕಳು ಅಪರಿಚಿತ ಸೈನಿಕರಿಗೆ ‘ಯುದ್ಧದ ಧರ್ಮತಾಯಿ’ಯರಾಗಿ ಸಮಾಧಾನದ ಓಲೆ ಬರೆಯುತ್ತಿದ್ದರು. ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿತ್ತು. ಆದರೆ ಮಗನನ್ನು ಕಳೆದುಕೊಂಡ ಮನೆಯ ಮೌನವನ್ನು ಯಾವ ಸರ್ಕಾರ ತಾನೆ ಮುಚ್ಚಿಡಬಲ್ಲದು?

ಸಲಾಜಾರನ ತರುವಾಯ 1968ರಲ್ಲಿ ಬಂದ ಕಯೆಟಾನೊ ಯುದ್ಧವನ್ನು ಮುಂದುವರಿಸಿದನು. ಅಧಿಕಾರಿಗಳ ಕೊರತೆ ನೀಗಿಸಲು 1973ರಲ್ಲಿ ಹೊರಟ ಶಾಸನವೊಂದು, ಕಡ್ಡಾಯ ಸೇವೆಗೆ ಬಂದವರಿಗೆ ಅಲ್ಪಾವಧಿಯ ಶಿಕ್ಷಣವಿತ್ತು ಕಾಯಂ ಅಧಿಕಾರಿಗಳ ಜ್ಯೇಷ್ಠತೆಯನ್ನು ಮೀರಲು ಅವಕಾಶ ಮಾಡಿತು. ನೌಕರಿಯಲ್ಲಿದ್ದವರಿಗೆಲ್ಲ ಈ ನೋವು ಅರ್ಥವಾದೀತು. ಜ್ಯೇಷ್ಠತೆಯ ದೂರಿಗಾಗಿ ಸೇರಿದ ಕ್ಯಾಪ್ಟನ್‌ಗಳ ಮಾತು ಬಲುಬೇಗ ಯುದ್ಧದ ಕಡೆಗೆ ತಿರುಗಿತು. ಗೆಲ್ಲಲಾಗದ ಯುದ್ಧವಿದು, ನಾಳೆ ಸೋತರೆ ಗೋವೆಯಂತೆಯೇ ಅಪವಾದ ನಮ್ಮ ತಲೆಗೆ! ಇನ್ನೊಂದು ಪ್ರಶ್ನೆಯೂ ಅವರನ್ನು ಕಾಡಿತು: ತಮ್ಮ ದೇಶದಲ್ಲೇ ಇಲ್ಲದ ಸ್ವಾತಂತ್ರ್ಯವನ್ನು ಆಫ್ರಿಕನರು ಬೇಡಿದರೆ ತಪ್ಪೇನು?

1974ರ ಏಪ್ರಿಲ್ 25ರ ನಡುರಾತ್ರಿ ಬಾನುಲಿಯಲ್ಲಿ ಕೇಳಿದ ಹಾಡೊಂದರ ಸಂಕೇತದಿಂದ ಪಡೆಗಳು ಹೊರಟವು. ಸಂಜೆಯೊಳಗೆ ಕಯೆಟಾನೊ ಶರಣಾದನು. ಲಿಸ್ಬನ್ನಿನ ಜನ ಸೈನಿಕರ ಕೋವಿಯ ತುದಿಗೆ ಕಾರ್ನೇಶನ್ ಹೂ ಸಿಕ್ಕಿಸಿದರು. ಗುಪ್ತ ಪೊಲೀಸರು ಹಾರಿಸಿದ ಗುಂಡಿಗೆ ನಾಲ್ವರು ಬಲಿಯಾದುದನ್ನೂ ನಾವು ಮರೆಯಕೂಡದು. ಸರಿಯಾಗಿ ಒಂದು ವರ್ಷಕ್ಕೆ ನಡೆದ ಚುನಾವಣೆಯಲ್ಲಿ ನೂರಕ್ಕೆ 91 ಮಂದಿ ಮತ ನೀಡಿದರು. ವಸ್ಸಾಲೊ ಎ ಸಿಲ್ವಾ ಅವರಿಗೆ ಕಳೆದುಹೋದ ಗೌರವ ಮರಳಿ ದೊರೆಯಿತು. 1974ರ ಡಿಸೆಂಬರ್ 31ರಂದು ಪೋರ್ಚುಗಲ್ ಗೋವೆಯ ಮೇಲೆ ಭಾರತದ ಸಾರ್ವಭೌಮತ್ವವನ್ನು ಒಪ್ಪಿ ಸಹಿ ಹಾಕಿತು.

ಆದರೂ ಲೆಕ್ಕ ತೀರಲಿಲ್ಲ. 1975ರ ಆಸುಪಾಸಿನಲ್ಲಿ ಸುಮಾರು ಐದು ಲಕ್ಷ ವಲಸಿಗರು ಆಫ್ರಿಕಾದ ಮನೆಮಠ ತೊರೆದು, ಅನೇಕರು ಹಿಂದೆಂದೂ ಕಾಣದ ‘ತಾಯ್ನಾಡಿ’ಗೆ ಬಂದಿಳಿದರು. ಗಿನಿಯಲ್ಲಿ ಪೋರ್ಚುಗೀಸರ ಪಕ್ಷದಲ್ಲಿ ಕಾದಾಡಿದ್ದ ಸ್ಥಳೀಯ ಸೈನಿಕರು ಹಿಂದೆ ಉಳಿದರು. ಅವರಲ್ಲಿ ಹಲವರನ್ನು ಹೊಸ ಆಡಳಿತ ಕೊಲ್ಲಿಸಿತು. ಮನೆಗೆ ಮರಳಿದವರಲ್ಲಿ ಎಷ್ಟೋ ಮಂದಿ ರಾತ್ರಿ ಬೆಚ್ಚಿಬೀಳುತ್ತಾ, ಹೆಂಡತಿ ಮಕ್ಕಳೊಡನೆಯೂ ಮನಬಿಚ್ಚದೆ ದಿನ ನೂಕಿದರು. ಯುದ್ಧದಿಂದಾದ ಮನೋವ್ಯಾಧಿಗೆ ಸರ್ಕಾರದ ನೆರವನ್ನು ವಿಧಿಸಿದ ಕಾನೂನು ಬಂದದ್ದು 1999ರಲ್ಲಿ. ಮಾಜಿ ಯೋಧರ ಹಕ್ಕುಗಳ ಸಮಗ್ರ ಶಾಸನ 2020ರಲ್ಲಿ. ಅಷ್ಟರೊಳಗೆ ಅನೇಕರು ಮಣ್ಣು ಸೇರಿದ್ದರು.

ಸೈನ್ಯದಲ್ಲಿ ಮಕ್ಕಳನ್ನಿಟ್ಟಿರುವ ಕುಟುಂಬಗಳು ನಮ್ಮ ಊರುಗಳಲ್ಲೂ ಉಂಟು. ಯುದ್ಧ ಸರಿಯೋ ತಪ್ಪೋ ಎಂದು ಪ್ರಶ್ನಿಸುವುದು ಪ್ರಜೆಯ ಕರ್ತವ್ಯ. ಆದರೆ ಆಳುವವರ ತೀರ್ಮಾನದ ಪಾಪವನ್ನು ಆಜ್ಞೆಗೆ ತಲೆಬಾಗಿ ಹೋದವನ ಹೆಗಲಿಗೆ ಹೊರಿಸಲಾಗದು. ಪೋರ್ಚುಗಲ್ ಈ ಭೇದವನ್ನು ಬಹಳ ತಡವಾಗಿ ಅರಿತಿತು. ಮಕ್ಕಳಿಗೆ ಗೋವೆಯ ಪಾಠ ಹೇಳುವಾಗ ಅದನ್ನೂ ಸೇರಿಸಿ ಹೇಳುವುದು ಉಚಿತವೆಂದು ನಮ್ಮ ಭಾವನೆ.